ಎಡಗಡೆ ಕೂತವಳು

ಪೊಲೀಸರ ಕಾಗದದಲ್ಲಿ ಮಧುಶ್ರೀ ಸತ್ತವಳಾಗಿರಲಿಲ್ಲ, ಆರೋಪಿಯಾಗಿದ್ದಳು. ‘ಆರೋಪಿಯು ಮೃತಪಟ್ಟಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’ ಈ ಒಂದು ಸಾಲನ್ನು ಅವಳ ಅಕ್ಕ ಚಂದ್ರಿಕಾ ಎಷ್ಟು ಸಲ ಓದಿದ್ದಳೆಂದರೆ, ನರ್ಸರಿಯಲ್ಲಿ ಕಾಫಿ ಸಸಿಗಳಿಗೆ ನೀರು ಹಾಕುವಾಗಲೂ ಅದೇ ಅಕ್ಷರಗಳು ಕಣ್ಣೆದುರು ಬಂದು ಸಾಲಾಗಿ ನಿಲ್ಲುತ್ತಿದ್ದವು.

ಆದದ್ದು ಇಷ್ಟು. ಕಳೆದ ಜೂನಿನಲ್ಲಿ, ಬಿಸಿಲೆಯ ಕಡೆಯಿಂದ ಹೆತ್ತೂರಿಗೆ ವಾಪಸು ಬರುವಾಗ, ಮಧುಶ್ರೀಯ ಗಂಡ ಪ್ರತಾಪನ ಬಿಳಿ ಕಾರು ತಿರುವಿನಲ್ಲಿ ಜಾರಿ ಎಡಪಕ್ಕದಿಂದ ಬಂಡೆಗೆ ಬಡಿಯಿತು. ಮಧುಶ್ರೀ ಅಲ್ಲೇ ಹೋದಳು. ಹೆಂಡತಿಯೇ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ನಿದ್ದೆ ಹೋಗಿದ್ದೆ ಎಂದು ಪ್ರತಾಪ ಹೇಳಿಕೆ ಕೊಟ್ಟ. ಮಧುಶ್ರೀಯ ಹೆಸರಿನಲ್ಲಿ ಲೈಸೆನ್ಸ್ ಇತ್ತು. ಧೈರ್ಯ ಇರಲಿಲ್ಲ. ಲೈಸೆನ್ಸ್ ಕೈಗೆ ಬಂದ ದಿನದಿಂದ ಅವಳು ಸ್ಟೀರಿಂಗ್ ಮುಟ್ಟಿದವಳೇ ಅಲ್ಲ. ಎದುರಿಗೆ ಲಾರಿ ಬಂದರೆ ಪಕ್ಕದ ಸೀಟಿನಲ್ಲಿ ಕೂತೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ಮಧ್ಯಾಹ್ನ ಬಿಸಿಲೆಯ ಸ್ನೇಹಿತನ ಮನೆಯ ಊಟದಲ್ಲಿ ಪ್ರತಾಪ ಎಷ್ಟು ಕುಡಿದಿದ್ದ ಎಂಬುದು ಆ ಮನೆಯವರಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ. ಎಡಗಡೆ ಪೂರ್ತಿ ನುಜ್ಜಾಗಿದ್ದ ಕಾರಿನಲ್ಲಿ ಎಡಗಡೆ ಕೂತಿದ್ದೆ ಎಂದವನ ಹಣೆಯ ಮೇಲೆ ಒಂದು ಗೀರು; ಬಲಗಡೆ ಕೂತಿದ್ದಳು ಎನ್ನಲಾದವಳ ಎಡಪಕ್ಕೆ ಉಳಿದಿರಲಿಲ್ಲ. ಬೇರೆಯವರು ಬರುವಷ್ಟರಲ್ಲಿ ಪ್ರತಾಪ ಅವಳನ್ನು ಎತ್ತಿ ರಸ್ತೆಯ ಮೇಲೆ ಮಲಗಿಸಿಬಿಟ್ಟಿದ್ದ. ಯಾರು ಎಲ್ಲಿ ಕೂತಿದ್ದರೆಂದು ಕಂಡಿದ್ದು ಆ ಕಾರು ಒಂದೇ.

ಅದಕ್ಕೇ ಜನವರಿಯಲ್ಲಿ, ಕಾರು ಹಾಸನದ ಒಂದು ಹಳೇ ಗಾಡಿ ವ್ಯಾಪಾರದ ಅಂಗಳದಲ್ಲಿ ಮಾರಾಟಕ್ಕೆ ನಿಂತಿದೆ ಎಂದು ತಿಳಿದ ದಿನವೇ ಚಂದ್ರಿಕಾ ಬಸ್ಸು ಹತ್ತಿದಳು. ಸಾಕ್ಷಿ ಹೇಳಲು ಬಾರದ ಸಾಕ್ಷಿಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ವ್ಯಾಪಾರದ ಲೋಹಿತ್ ಬಾನೆಟ್ಟನ್ನು ಕುದುರೆಯ ಬೆನ್ನಿನಂತೆ ಸವರಿದ. “ಗಾಡಿ ಹೂವಿದ್ದಂಗೈತೆ ಮೇಡಂ. ಸಿಂಗಲ್ ಓನರ್. ಎಡಗಡೆ ಒಂಚೂರು ಟಚಿಂಗ್ ಆಗಿತ್ತು. ಗೋಡೆಗೆ ಸವರಿದ್ದು, ಅಷ್ಟೇ.”

“ಗೋಡೆಗಾ?”

“ಗೋಡೆಗೇ ಮೇಡಂ. ನಮ್ಮವ್ವನಾಣೆ.”

ಚಂದ್ರಿಕಾ ಮಂಡಿಯೂರಿ ಕೆಳಗೆ ನೋಡಿದಳು. ಅಪ್ಪ ರಾಮಯ್ಯ ಎಸ್ಟೇಟಿನ ಜೀಪು ಓಡಿಸುತ್ತಿದ್ದವರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಜೀಪಿನ ಕೆಳಗೆ ಮಲಗಿ ನಟ್ಟು ಬಿಗಿಯುವ ಕೆಲಸ ಚಂದ್ರಿಕಾಳದ್ದು, ಟಾರ್ಚ್ ಹಿಡಿಯುವುದು ಮಧುಶ್ರೀಯದ್ದು. “ಬಾಗ್ಲು ಹೊಸದು. ಬಾಗ್ಲ ಪಕ್ಕದ ಕಂಬ ಕುಯ್ದು ವೆಲ್ಡಿಂಗ್ ಮಾಡಿದ್ದೀರ. ಕೆಳಗೆ ಎಡಗಡೆ ಸ್ಟೀರಿಂಗ್ ರಾಡ್ ಪೂರಾ ಬದಲಾಗಿದೆ. ಭಾರೀ ಗೋಡೇನೇ ಇರ್ಬೇಕು ಬಿಡಿ.”

ಲೋಹಿತ್ ಕೆಮ್ಮಿದ. ಅವಳು ಅವನನ್ನು ಬಿಟ್ಟು ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತಳು. ಎಲ್ಲವೂ ಹೊಸದು. ಸೀಟಿನ ಬಟ್ಟೆ ಹೊಸದು, ಗಾಜು ಹೊಸದು, ಶಾಂಪೂ ಹಾಕಿ ತೊಳೆದ ವಾಸನೆ. ತಂಗಿಯ ಕೊನೆಯ ಉಸಿರು ಇದ್ದ ಜಾಗವನ್ನು ಇಷ್ಟು ಚೆನ್ನಾಗಿ ಒರೆಸಿಹಾಕಬಹುದೆಂದು ಅವಳು ಎಣಿಸಿರಲಿಲ್ಲ. ಅಜ್ಜಿ ಗಂಗಾಮಣಿ ಹೇಳುತ್ತಿದ್ದ ಕತೆಯಲ್ಲಿ, ಸುಳ್ಳು ಅಪವಾದ ಹೊತ್ತು ಸತ್ತ ಸೊಸೆಯೊಬ್ಬಳು ಹೇಮಾವತಿ ದಾಟಲಾರದೆ ದಡದಲ್ಲೇ ನಿಂತಿರುತ್ತಾಳೆ. ದೋಣಿಯವನು ಪ್ರತಿದಿನ ಹೆಸರು ಕೇಳುತ್ತಾನೆ, ಅವಳು ಹೆಸರು ಹೇಳಿದರೆ ಅಪವಾದವೂ ಜೊತೆಗೆ ಬಂದು ದೋಣಿ ಮುಳುಗುತ್ತದೆ. ಮುಚ್ಚಿದ ಕಾರಿನ ಒಳಗೆ ಯಾರೋ ಹಾಗೆ ಬಾಯಿ ಕಟ್ಟಿಕೊಂಡು ಕೂತಿದ್ದಾರೆ ಅನ್ನಿಸಿತು. ಗಾಜು ಒಳಗಿನಿಂದ ಮಬ್ಬಾಯಿತು. ಆ ಮಬ್ಬಿನೊಳಗೇ ಉಪಾಯ ಪೂರ್ತಿಯಾಗಿ, ಯಾರೋ ಕೈಗೆ ಕೊಟ್ಟಂತೆ, ಅವಳಿಗೆ ಹೊಳೆಯಿತು.

ಹೊರಗೆ ಬಂದವಳು ರೇಟಿನ ಮಾತೇ ಎತ್ತಲಿಲ್ಲ. ಅಪಘಾತದ ಫೋಟೋಗಳು, ರಿಪೇರಿ ಬಿಲ್ಲು, ಯಾವ ಯಾವ ಭಾಗಕ್ಕೆ ಪೆಟ್ಟಾಗಿತ್ತು ಎಂಬ ಪಟ್ಟಿ, ಎಲ್ಲವನ್ನೂ ಬರೆದು ಸಹಿ ಹಾಕಿಕೊಡಬೇಕೆಂದಳು.

“ಎಲ್ರೂ ಆಕ್ಸಿಡೆಂಟ್ ಆಗಿಲ್ಲ ಅಂತ ಬರೆಸ್ಕೊಂಡೋಗ್ತಾರೆ,” ಲೋಹಿತ್ ತಲೆ ಕೆರೆದುಕೊಂಡ. “ಆಗೈತೆ ಅಂತ ಬರ್ಕೊಡಿ ಅಂದೋರು ನೀವೊಬ್ರೇ ಕಣ್ರೀ.”

ಯೋಜನೆ ಸರಳವಾಗಿತ್ತು. ಒಂದು ಸಲ ಮುರಿದ ಕಾರು ಮುರಿದ ಜಾಗದಲ್ಲೇ ಮತ್ತೆ ಮುರಿದರೆ ಓದಿದವರು ಹಳೆಯ ಬಿಲ್ಲು ನೋಡಿ ತಲೆಯಾಡಿಸುತ್ತಾರೆ. ಒಂದು ಜೀವ ತೆಗೆದ ಕಾರು ಇನ್ನೊಂದು ತೆಗೆದರೆ ಉಳಿದವರು ಬಿಲ್ಲನ್ನೂ ನೋಡದೆ ದೆವ್ವ ಎನ್ನುತ್ತಾರೆ. ಪ್ರತಾಪ ಆ ಕಾರಿನಲ್ಲಿ, ಆ ರಸ್ತೆಯಲ್ಲಿ, ತಾನೇ ಸ್ಟೀರಿಂಗ್ ಹಿಡಿದು ಸಾಯಬೇಕು. ಅವನು ಓಡಿಸುತ್ತಿದ್ದ ಎಂದು ಆಗಲಾದರೂ ಸರ್ಕಾರದ ಕಾಗದದಲ್ಲಿ ಬರೆಯಬೇಕು.

ತಂಗಿಯ ಪ್ರಾಣ ಹೋದ ಕಾರನ್ನು ಅಕ್ಕನೇ ತಂದು ಶೆಡ್ಡಿನಲ್ಲಿಟ್ಟುಕೊಂಡದ್ದನ್ನು ಹೆತ್ತೂರಿನವರು ದುಃಖದ ಹುಚ್ಚು ಎಂದುಕೊಂಡರು. ಅವ್ವ ಮೀನಾಕ್ಷಮ್ಮ ಮೂರು ದಿನ ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ನಾಲ್ಕನೆಯ ದಿನ ಹೋಗಿ ಎಡಗಡೆಯ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ ಬಂದರು.

ದೆವ್ವದ ಮಾತನ್ನು ಚಂದ್ರಿಕಾ ಒಮ್ಮೆಯೂ ತಾನಾಗಿ ಆಡಲಿಲ್ಲ. ನರ್ಸರಿಗೆ ಕೂಲಿಗೆ ಬರುವ ಭೂತಮ್ಮನನ್ನು ಒಂದು ಬೆಳಿಗ್ಗೆ ಸುಮ್ಮನೆ ಕೇಳಿದಳು: “ಎಡಗಡೆ ಸೀಟಿನ ಬೆಲ್ಟ್ ನೀನೇನಾದ್ರೂ ಹಾಕಿದ್ಯಾ ಭೂತಮ್ಮ?”

“ನಾನ್ಯಾಕವ್ವ ಹಾಕ್ಲಿ? ನಂಗೆ ಅದರ ಬಾಗ್ಲು ತೆಗೆಯಾಕೂ ಬರಲ್ಲ.”

“ಹೋಗ್ಲಿ ಬಿಡು.”

ಅಷ್ಟು ಸಾಕಾಯಿತು. ಯುಗಾದಿಯ ಹೊತ್ತಿಗೆ ಕಾರಿನಲ್ಲಿ ಎರಡು ತಲೆ ಕಂಡವರು ಹೆತ್ತೂರಿನಲ್ಲಿ ಆರು ಜನರಿದ್ದರು. ಚಂದ್ರಿಕಾ ಒಬ್ಬಳೇ ಹೋಗುವಾಗ ಎಡಗಡೆಯ ಗಾಜು ಮಾತ್ರ ಮಬ್ಬಾಗಿರುತ್ತದೆ ಎಂದು ಒಬ್ಬ ಆಟೋದವನು ಆಣೆ ಮಾಡಿದ. “ಬಸ್ಸಾಗಿದ್ರೆ ಕಂಡಕ್ಟರ್ ಎಲ್ಡ್ ಟಿಕೆಟ್ ಹರಿಯೋನು ಕಣೋ ಮಾರಾಯ,” ಎಂದು ಸರ್ಕಲ್ಲಿನ ಹೋಟೆಲಿನಲ್ಲಿ ನಗುತ್ತಿದ್ದವರೂ, ಬಿಳಿ ಕಾರು ಬಂದರೆ ಎಡಕ್ಕೆ ನೋಡದೆ ದಾಟುತ್ತಿದ್ದರು.

ಏಪ್ರಿಲಿನ ಒಂದು ಬೆಳಿಗ್ಗೆ ಶೆಡ್ಡು ತೆಗೆದಾಗ ಎಡಗಡೆಯ ಬೆಲ್ಟು ನಿಜವಾಗಿಯೂ ಹಾಕಿತ್ತು. ಚಂದ್ರಿಕಾ ಸೊಂಟ ತಡವಿ ನೋಡಿದಳು. ಬೀಗದ ಕೈ ಇದ್ದದ್ದು ಅವಳ ಸೊಂಟದಲ್ಲಿ. ತಾನೇ ಹಾಕಿ ಮರೆತಿರಬೇಕು, ಹೇಳಿದ ಸುಳ್ಳನ್ನು ಕೈ ನಂಬಿರಬೇಕು ಎಂದು ಸಮಾಧಾನ ಮಾಡಿಕೊಂಡು ಗುಂಡಿ ಒತ್ತಿದಳು. ಬೆಲ್ಟು ಹಿಂದಕ್ಕೆ ಸರಿಯುವ ಸದ್ದು ನಿಟ್ಟುಸಿರಿನಂತೆ ಕೇಳಿತು. ಅಂದಿನಿಂದ ಆ ಸೀಟಿನ ಮೇಲೆ ಅವಳು ಚೀಲ ಇಡುವುದನ್ನು ಬಿಟ್ಟಳು.

ಆ ಬೆಲ್ಟು ಕಂಡ ಮೇಲೆ ಒಂದೇ ಒಂದು ಸಲ ಮನಸ್ಸು ಹಿಂಜರಿದಿತ್ತು. ಮೇ ತಿಂಗಳಲ್ಲಿ ಸಕಲೇಶಪುರದ ಒಂದು ಮದುವೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಬೆನ್ನ ಹಿಂದೆ ಪ್ರತಾಪನ ದನಿ ಕೇಳಿತು. ಯಾರೋ ಕಾರಿನ ಸುದ್ದಿ ತೆಗೆದಿದ್ದರು. ಅವನು ನಗುತ್ತ ಹೇಳಿದ: “ಸತ್ತೋರಿಗೆ ಡ್ರೈವಿಂಗ್ ಬತ್ತದೇನ್ರೋ? ಅವಳಿಗೆ ಬದುಕಿದ್ದಾಗ್ಲೇ ಬತ್ತಿರ್ಲಿಲ್ಲ.” ಪಂಕ್ತಿ ನಕ್ಕಿತು. ಆಡಿದ ಮಾತಿನಲ್ಲಿ ಏನಿತ್ತೆಂದು ಅವನಿಗೂ ತಿಳಿಯಲಿಲ್ಲ, ನಕ್ಕವರಿಗೂ ತಿಳಿಯಲಿಲ್ಲ. ಚಂದ್ರಿಕಾ ಎಲೆ ಮಡಿಚಿ ಎದ್ದಳು. ಹಿಂಜರಿಕೆ ಆ ಎಲೆಯಲ್ಲೇ ಉಳಿಯಿತು.

ವರ್ಷದ ಎಡೆ ಜೂನ್ ಮೊದಲ ವಾರಕ್ಕೆ ಬಂತು. ಅಪಘಾತದಲ್ಲಿ ಹೋದವರಿಗೆ ಜೀವ ಹೋದ ಜಾಗದಲ್ಲೇ ಎಡೆ ಇಡಬೇಕೆಂಬುದು ಅವರ ಮನೆಯ ರೂಢಿ, ಗಂಡ ಬರಲೇಬೇಕು. ಇಟ್ಟ ಮೇಲೆ ಯಾರೂ ಹಿಂದೆ ತಿರುಗಿ ನೋಡುವಂತಿಲ್ಲ. ಇಡೀ ಯೋಜನೆಯಲ್ಲಿ ಚಂದ್ರಿಕಾಳಿಗೆ ಅತ್ಯಂತ ಹಿಡಿಸಿದ್ದು ಇದು. ಏಳು ಜನ ಅದೇ ರಸ್ತೆಯಲ್ಲಿರುತ್ತಾರೆ, ಒಬ್ಬರೂ ನೋಡಿರುವುದಿಲ್ಲ.

ಹಿಂದಿನ ದಿನ ಅವಳು ಕಾರನ್ನು ಸರ್ಕಲ್ಲಿನ ತಿಮ್ಮಯ್ಯನ ಗ್ಯಾರೇಜಿಗೆ ಬಿಟ್ಟಳು. ಅರವತ್ತು ದಾಟಿದ ತಿಮ್ಮಯ್ಯ ಅವಳ ಅಪ್ಪನ ಜೀಪಿನ ಕಾಲದಿಂದ ಪರಿಚಯದವನು. ಶಾಲೆ ಬಿಟ್ಟ ಮೇಲೆ ಮಧುಶ್ರೀ ಅವನ ಗ್ಯಾರೇಜಿನ ಹಳೇ ಟೈರಿನ ಮೇಲೆ ಕೂತು ಪುರಿ ತಿನ್ನುತ್ತಿದ್ದಳು. ಈ ಕಾರು ಬಂದಾಗಿನಿಂದ ಅವನು ಅದನ್ನು ಮುಟ್ಟಿರಲಿಲ್ಲ. ಎಡೆಯ ಪ್ರಯಾಣಕ್ಕೆ ಎಂದ ಮೇಲೆ ಒಪ್ಪಿಕೊಂಡ. ಬ್ರೇಕು, ಚಕ್ರ, ಸ್ಟೀರಿಂಗು, ಎಲ್ಲ ನೋಡಿ ಸಂಜೆ ಐದಕ್ಕೆ ತಾನೇ ಓಡಿಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದ.

“ಎಲ್ಲಾ ಬಿಗಿ ಐತೆ ಅಂತ ಬರ್ಕೊಡು ತಿಮ್ಮಯ್ಯಣ್ಣ.”

“ನಾನು ಬಿಗಿ ಮಾಡಿದ್ ಮ್ಯಾಕೆ ಬರೆಯಾಕೇನೈತವ್ವ?” ಎಂದರೂ ಚೀಟಿಯ ಮೇಲೆ ಬರೆದು ತಾರೀಖು, ಹೊತ್ತು ಹಾಕಿಕೊಟ್ಟ. ಆಮೇಲೆ ಎಡಗಡೆಯ ಬಾಗಿಲ ಹತ್ತಿರ ಬಗ್ಗಿ, ಖಾಲಿ ಸೀಟಿಗೆ ಮೆಲ್ಲಗೆ ಹೇಳಿದ: “ನಾಳೀಕ್ ಉಂಡು ಸುಮ್ಕೆ ಮನಿಕೋ ಮಗ. ಯಾರ್ನೂ ಹೆದರಿಸ್ಬ್ಯಾಡ.” ಚಂದ್ರಿಕಾ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಊರು ನಂಬಿರುವುದಕ್ಕೆ ಇನ್ನೊಬ್ಬ ಸಾಕ್ಷಿ. ಕಾರನ್ನು ಹಿಂದಿನ ದಿನವೇ ಪರೀಕ್ಷೆ ಮಾಡಿಸಿದವಳ ಮೇಲೆ ಯಾರು ಅನುಮಾನ ಪಡುತ್ತಾರೆ?

ಬೆಳಿಗ್ಗೆ ಆರಕ್ಕೆ ಶೆಡ್ಡಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಳು. ಅಪ್ಪನ ಸ್ಪ್ಯಾನರು, ಹಳೇ ಗೋಣಿಚೀಲ, ಕೈಗವಸು. ಎಡಗಡೆ, ಸ್ಟೀರಿಂಗ್ ರಾಡು ಚಕ್ರಕ್ಕೆ ಕೂಡುವ ಜಾಗ. ಒಂದೇ ನಟ್ಟು, ಅದೂ ಪೂರ್ತಿ ತೆಗೆಯಬೇಕಿಲ್ಲ. ಏರುವಾಗ ಹಿಡಿದಿರಬೇಕು, ಇಳಿಯುವಾಗ ಕೈ ಬಿಡಬೇಕು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬೆಳಕು ಅಲುಗಾಡುತ್ತಿತ್ತು, ಮಧುಶ್ರೀ ಹಿಡಿದಾಗ ಅಲುಗಾಡುತ್ತಿದ್ದ ಹಾಗೆಯೇ. ‘ಅಕ್ಕಾ, ಮುಗೀತಾ?’ ಎಂದು ಕಾಲ ಬಳಿ ಕೇಳಿದಂತಾಯಿತು. “ಮುಗೀತು,” ಎಂದು ಅವಳು ಬಾಯಿ ಬಿಟ್ಟಳು. ಟಾರ್ಚು ಕೆಳಗೆ ಬಿದ್ದು ಆರಿಹೋಯಿತು. ಎಲ್ಲಕ್ಕೂ ಎಂಟು ನಿಮಿಷ ಹಿಡಿಯಿತು.

ಕಾರನ್ನು ಮೇಲಿನ ಬಂಡೆಯವರೆಗೆ ಅವಳೇ ಓಡಿಸಿದಳು. ಯೋಜನೆಯ ದಿಟ್ಟ ಭಾಗ ಅದು: ತಾನೇ ಕೆಡಿಸಿಟ್ಟ ಕಾರಿನಲ್ಲಿ ಯಾರು ಕೂರುತ್ತಾರೆ? ಅವ್ವ, ಪ್ರತಾಪ, ಉಳಿದ ನೆಂಟರು ಮುಂದೆ ಜೀಪಿನಲ್ಲಿದ್ದರು. ಚಿಕ್ಕಪ್ಪನ ಮಗ ಯೋಗೇಶ್ ಜೀಪು ಓಡಿಸುತ್ತಿದ್ದ. ಇವಳ ಎಡಗಡೆಯ ಸೀಟಿನಲ್ಲಿ ಎಡೆಯ ಬುಟ್ಟಿ. ಕಡುಬು, ಕೋಳಿ ಸಾರು, ಮಧುಶ್ರೀಗೆ ಇಷ್ಟವಾದ ಕಳಲೆ ಪಲ್ಯ. ಬುಟ್ಟಿ ಉರುಳದಿರಲೆಂದು ಅದಕ್ಕೆ ಬೆಲ್ಟು ಹಾಕಿದ್ದಳು. ಇಪ್ಪತ್ತು ದಾಟದ ವೇಗ. ಪ್ರತಿ ಗುಂಡಿಗೂ ಸ್ಟೀರಿಂಗು ಅಂಗೈಯಲ್ಲಿ ಒಂದು ಕೂದಲೆಳೆ ಸಡಿಲವಾಗುವುದು ತಿಳಿಯುತ್ತಿತ್ತು. ಮಂಜು ರಸ್ತೆಯ ಮೇಲೆ ತೆವಳುತ್ತಿತ್ತು. ಎಡಕ್ಕೆ ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಎಡಗಡೆಯ ಗಾಜು ಮಬ್ಬಾಗಿದೆ ಎಂದು ಮಾತ್ರ ಗೊತ್ತಾಯಿತು. ಬಿಸಿ ಸಾರಿನ ಹಬೆ, ಎಂದುಕೊಂಡಳು.

ಬಂಡೆಯ ಬುಡದಲ್ಲಿ ಎಲೆ ಹಾಸಿದರು. ಬಡಿಸಿದರು, ಕಾಯಿ ಒಡೆದರು. ಪ್ರತಾಪ ಊದಿನಕಡ್ಡಿ ಹಚ್ಚಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಕೊಂಡೇ ಇದ್ದ. ಅವನ ತುಟಿ ಅಲುಗಾಡುತ್ತಿತ್ತು. ಏನು ಹೇಳಿದನೆಂದು ಎಲೆಗೆ ಮಾತ್ರ ಕೇಳಿಸಿತು.

“ಇನ್ನು ಯಾರೂ ಹಿಂದಕ್ ನೋಡ್ಬೇಡಿ,” ಎಂದರು ಮೀನಾಕ್ಷಮ್ಮ. “ನೋಡುದ್ರೆ ನನ್ ಮಗು ಉಣ್ಣೋದ್ ಬಿಟ್ಟು ಹಿಂದೇನೇ ಎದ್ ಬತ್ತದೆ.”

ಚಂದ್ರಿಕಾ ಕಾರಿನ ಬಾಗಿಲ ಮೇಲೆ ಕೈ ಇಟ್ಟಳು. ಬಾಗಿಲು ತೆಗೆಯಲು ಆಗಲಿಲ್ಲ. ನಟಿಸಬೇಕೆಂದು ಬಂದಿದ್ದಳು, ನಟಿಸುವ ಅಗತ್ಯ ಬೀಳಲಿಲ್ಲ. “ಅವ್ವ, ನನ್ ಕೈಲಿ ಆಗ್ತಿಲ್ಲ.”

“ಅಯ್ಯೋ ಬಾರೆ, ಜೀಪಲ್ಲಿ ಕೂತ್ಕೊ. ಅಳಿಯಂದ್ರೇ, ಕಾರ್ನ ನೀವೇ ತಗೊಂಬನ್ನಿ.”

ಪ್ರತಾಪ ಕೀಲಿಯನ್ನು ನೋಡಿದ, ತೆಗೆದುಕೊಳ್ಳಲಿಲ್ಲ.

“ಏನ್ ಭಾವ, ಭಯಾನಾ?” ಯೋಗೇಶ್ ಜೀಪಿನಿಂದಲೇ ಕೂಗಿದ.

“ನಂಗ್ಯಾಕೋ ಭಯ? ಆವತ್ತೇನು ನಾನು ಓಡಿಸ್ತಿದ್ನಾ?” ಎಂದ ಪ್ರತಾಪ. ಹಾಗೆಂದ ಮೇಲೆ ಕೀಲಿ ತೆಗೆದುಕೊಳ್ಳದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಒಂದು ವರ್ಷದ ಹಿಂದಿನ ಅವನ ಸುಳ್ಳೇ ಅವನನ್ನು ಬಲಗಡೆಯ ಸೀಟಿನಲ್ಲಿ ಕೂರಿಸಿತು.

ಜೀಪು ಮುಂದೆ ಇಳಿಯಿತು. ಯೋಗೇಶ್ ಹಿಂದಿನದು ಕಾಣುವ ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿಬಿಟ್ಟಿದ್ದ. ಮೂರನೆಯ ತಿರುವು ಮುಗಿದಾಗ ಹಿಂದಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ಲಾರಿಯಿಂದ ಕಾಫಿ ಮೂಟೆ ಉರುಳಿಸಿದ ಹಾಗೆ, ಆಮೇಲೆ ಇನ್ನೂ ಕೆಳಗೆ ಮತ್ತೊಂದು ಸಲ. ಏಳು ಕತ್ತುಗಳು ಬಿಗಿಯಾದವು. ಮೀನಾಕ್ಷಮ್ಮ ಮಗಳ ಮೊಣಕೈ ಹಿಡಿದರು. “ತಿರುಗ್ಬೇಡಿ,” ಎಂದರು ಪಿಸುಮಾತಿನಲ್ಲಿ. “ಎಲೆ ಎಳ್ಕೊಂತಾವ್ಳೆ.”

ಹೆತ್ತೂರಿನಲ್ಲಿ ಅರ್ಧ ಗಂಟೆ ಕಾದು, ಕಾರು ಬಾರದಿದ್ದಾಗ ಗಂಡಸರು ವಾಪಸು ಹೋದರು. ಕಾರು ಬಲಗಡೆಯ ಕಣಿವೆಯಲ್ಲಿ, ಮರಗಳ ನಡುವೆ ಅಂಗಾತ ಬಿದ್ದಿತ್ತು. ಪ್ರತಾಪನ ಕೈ ಸ್ಟೀರಿಂಗಿನಿಂದ ಬಿಡಿಸಲು ಇಬ್ಬರು ಬೇಕಾದರು.

ಸಂಜೆ ನಾಲ್ಕಕ್ಕೆ ಸಬ್ ಇನ್ಸ್‌ಪೆಕ್ಟರು ಅವಳ ಮನೆಯ ಜಗುಲಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ಚಂದ್ರಿಕಾ ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟಳು: ಲೋಹಿತನ ಪಟ್ಟಿ, ಫೋಟೋಗಳು, ತಿಮ್ಮಯ್ಯನ ಚೀಟಿ. ಅವರು ಓದಿ ತಲೆಯಾಡಿಸಿದರು, ಅವಳು ಜನವರಿಯಲ್ಲಿ ಎಣಿಕೆ ಹಾಕಿದ್ದ ಹಾಗೆಯೇ. “ಪೆಟ್ಟಾಗಿದ್ ಜಾಗದಲ್ಲೇ ಕೈ ಕೊಟ್ಟೈತೆ. ಇಂಥ ಗಾಡಿ ತಗೋಬಾರ್ದಿತ್ತಮ್ಮ. ನಮ್ ಹುಡುಗರು ಬೇರೆ ಏನೇನೋ ಹೇಳ್ತಾವ್ರೆ, ಅದನ್ನ ಬರೆಯಾಕಾಗಲ್ಲ.” ಅಂಗಳದಲ್ಲಿ ನಿಂತವರು ಅದನ್ನೇ ಹೇಳುತ್ತಿದ್ದರು. ಭೂತಮ್ಮನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು: “ಮಧವ್ವನೇ ಕೊಂದ್ಹಾಕ್ಬುಟ್ಲು ಕಣ್ರಪ್ಪ, ಗಂಡನ್ನ ಕೊಂದ್ಲು.” ತಂಗಿಯ ತಲೆಯ ಮೇಲಿನ ಒಂದು ಅಪವಾದ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದ್ದೇನೆಂಬ ಯೋಚನೆ, ಯೋಜನೆಯ ಯಾವ ಪುಟದಲ್ಲೂ ಇಲ್ಲದಿದ್ದದ್ದು, ಹೊಸಿಲವರೆಗೆ ಬಂದು ನಿಂತಿತು. ಚಂದ್ರಿಕಾ ಅದನ್ನು ಒಳಗೆ ಕರೆಯಲಿಲ್ಲ.

ಆಗ ಜನರನ್ನು ಸರಿಸಿಕೊಂಡು ತಿಮ್ಮಯ್ಯ ಬಂದ. ತಲೆಯಿಂದ ಕಾಲಿನವರೆಗೆ ಕಣಿವೆಯ ಕೆಸರು, ಕಣ್ಣಲ್ಲಿ ನೀರು, ಮುಖದ ತುಂಬ ನಗು. ಸಿಹಿ ಸುದ್ದಿ ತಂದವನ ಹಾಗೆ ನೇರ ಚಂದ್ರಿಕಾಳ ಎದುರಿಗೆ ನಿಂತ. “ಮಧವ್ವ ಮಾಡಿದ್ದಲ್ಲ ಕಣವ್ವ! ಇವ್ರೆಲ್ಲ ಅವಳ ಹೆಸರು ಹೇಳೋದ್ ಕೇಳಿ ಹೊಟ್ಟೆ ಉರೀತು. ನಿನ್ನೆ ಸಂಜೆ ಗಾಡಿ ತಂದು ಬಿಡೋ ಮುಂಚೆ ಅಮ್ಮನ ಗುಡಿಯಿಂದ ಅರಿಶಿನದ ದಾರ ತಂದು, ಒಂಬತ್ತು ಗಂಟು ಹಾಕಿ ಕಟ್ಟಿದ್ದೆ. ಗಾಯ ಆದ ಜಾಗಕ್ಕೇ ಅಲ್ವಾ ಕಟ್ಟೋದು? ಆವತ್ತು ಮುರಿದಿದ್ದ ಆ ಎಡಗಡೆ ರಾಡಿನ ನಟ್ಟಿಗೇ ಸುತ್ತಿದ್ದೆ. ಅದಿದ್ದ ಮ್ಯಾಕೆ ಮಗು ಅಲ್ಲಿಗೆ ಹೆಂಗ್ ಬಂದಾಳು ಅಂತ ಹಗ್ಗ ಹಿಡ್ದು ಇಳಿದು ನೋಡ್ದೆ. ಸತ್ತೋರು ಮುಟ್ಟಾಕಾಗದ ದಾರಾನೇ ಇಲ್ಲ! ಹರಿದಿದ್ರೆ ಗಂಟಾದ್ರೂ ಸಿಕ್ಕಿರೋದು. ನಟ್ಟೂ ಮುರಿದಿಲ್ಲ ಸಾಹೇಬ್ರೇ, ಬಿಚ್ಚವ್ರೆ. ನಾನು ಬಿಟ್ಟೋದ್ಮೇಲೆ ಯಾರೋ ಮನುಷ್ರೇ ಬಿಚ್ಚವ್ರೆ.” ಸಬ್ ಇನ್ಸ್‌ಪೆಕ್ಟರು ಕಾಫಿಯ ಲೋಟ ಕೆಳಗಿಟ್ಟು, ಮುಂದಿದ್ದ ಚೀಟಿಯಲ್ಲಿ ತಾರೀಖು, ಹೊತ್ತು ಮತ್ತೊಮ್ಮೆ ನೋಡಿದರು, ಆಮೇಲೆ ಶೆಡ್ಡಿನ ಬೀಗವನ್ನು, ಆಮೇಲೆ ಚಂದ್ರಿಕಾಳ ಸೊಂಟದಲ್ಲಿದ್ದ ಬೀಗದ ಕೈಯನ್ನು. ಬೆಳಿಗ್ಗೆ ಆರು ಗಂಟೆಗೆ, ಅಲುಗಾಡುವ ಬೆಳಕಿನಲ್ಲಿ, ನಟ್ಟಿಗೆ ಸುತ್ತಿಕೊಂಡಿದ್ದ ಒಂದು ಎಳೆಯನ್ನು ಅವಳು ತೋಟದ ರಸ್ತೆಯ ಹುಲ್ಲೆಂದುಕೊಂಡು ಕಿತ್ತು ಗೋಣಿಚೀಲದ ಮೇಲೆ ಎಸೆದಿದ್ದಳು. ಚೀಲ ಇನ್ನೂ ಶೆಡ್ಡಿನಲ್ಲೇ ಹಾಸಿತ್ತು. ಅವಳ ಕಿವಿಯಲ್ಲಿ ಮಾತ್ರ ತಿಮ್ಮಯ್ಯನ ಮೊದಲ ಮಾತೊಂದೇ ಉಳಿದಿತ್ತು: ಮಧವ್ವ ಮಾಡಿದ್ದಲ್ಲ. ಪೊಲೀಸರ ಎದುರು, ಊರಿನ ಎದುರು ಯಾರಾದರೂ ಒಬ್ಬರು ಹೇಳಲಿ ಎಂದು ಅವಳು ಒಂದು ವರ್ಷದಿಂದ ಕಾದಿದ್ದ ಮಾತು ಅದು.